ಪರ್ಸೋಂ ಬರುವ ರಿವರ್ಸ್ ಗೇರು

ನಮ್ಮ ಹೊಸ ಕಾರು ಹಿಂದಕ್ಕೆ ಹೋಗುವುದಿಲ್ಲ ಎಂಬ ಸಂಗತಿ ನಮಗೆ ಮೊದಲು ತಿಳಿದದ್ದು ದೇವರ ಎದುರಿಗೆ.

ಅಂದು ಸೋಮವಾರ. ಹಣ್ಣು ಕಾಯಿ ಹಿಡಿದುಕೊಂಡು ಈಶ್ವರನ ಗುಡಿಗೆ ಹೋಗಿದ್ದೆವು. ನಮ್ಮ ಯಜಮಾನರು ಕಾರನ್ನು ನೇರವಾಗಿ ತಂದು ಗುಡಿಯ ಕಟ್ಟೆಗೆ ಮೂಗು ತಾಗುವ ಹಾಗೆ ನಿಲ್ಲಿಸಿದರು. (ಹೊಸ ಕಾರಿನವರೆಲ್ಲ ಹೀಗೆಯೇ. ಬಾಗಿಲು ಅಗಲವಿದ್ದರೆ ಗರ್ಭಗುಡಿಯಲ್ಲೇ ನಿಲ್ಲಿಸುತ್ತಿದ್ದರು.) ಪೂಜೆ ಮುಗಿಸಿ ಬಂದು ರಿವರ್ಸ್ ಗೇರು ಹಾಕಿದರೆ ಒಳಗಿನಿಂದ ಕರ್ರ್ ಎಂಬ ಸದ್ದು. ಕಾರು ಕದಲಲಿಲ್ಲ. ಇನ್ನೊಮ್ಮೆ ಹಾಕಿದರು. ಇನ್ನೊಮ್ಮೆ ಕರ್ರ್.

ಪೂಜಾರಿ ಹೊರಗೆ ಬಂದು ನೋಡಿದ. "ಸಾವಕಾರ್ರೆ, ದೇವರಿಗಿ ನಿಮ್ಮನ್ನ ಬಿಡಲಿಕ್ಕ ಮನಸಿಲ್ಲ ನೋಡ್ರಿ. ಇನ್ನೊಂದು ಕಾಯಿ ಒಡಸ್ರಿ."

ಒಡೆಸಿದೆವು. ದೇವರು ಒಪ್ಪಿದನೋ ಏನೋ, ಗೇರು ಒಪ್ಪಲಿಲ್ಲ. ಕಡೆಗೆ ಕಟ್ಟೆಯ ಮೇಲೆ ಹರಟೆ ಹೊಡೆಯುತ್ತಿದ್ದ ಹಿರಿಯರೆಲ್ಲ ಧೋತರ ಎತ್ತಿ ಕಟ್ಟಿಕೊಂಡು ಕಾರನ್ನು ಹಿಂದಕ್ಕೆ ನೂಕಿದರು. ನಮ್ಮ ಅತ್ತೆ ಇಳಿಯಲಿಲ್ಲ. ಒಳಗೇ ಕುಳಿತಿದ್ದರು.

"ಪಾಲಕಿ ಸೇವಾ ಆದಂಗಾಯ್ತು ನೋಡವ್ವ," ಎಂದರು ನನಗೆ, ಭಾಳ ಖುಷಿಯಿಂದ.

ಆ ಕಾರನ್ನು ಕೊಂಡದ್ದು ಅಕ್ಷಯ ತದಿಗೆಯ ದಿನ. ಅಂದು ಮನೆಗೆ ಬಂದದ್ದು ಕ್ಷಯವಾಗುವುದಿಲ್ಲ ಎಂದು ನಾನೇ ಹಟ ಹಿಡಿದು ಆ ದಿನ ತರಿಸಿದ್ದೆ. ಮುಂದಕ್ಕೆ ಹೋಗುವ ನಾಲ್ಕು ಗೇರುಗಳು ನನ್ನ ನಂಬಿಕೆಯನ್ನು ಉಳಿಸಿದವು. ಐದನೆಯದು ಕೈಕೊಟ್ಟಿತು. (ನಾಲ್ಕು ಕೆಟ್ಟು ಒಂದು ಉಳಿದಿದ್ದರೆ ಏನು ಮಾಡುತ್ತಿದ್ದೆವು? ಹಿಂದು ಹಿಂದಕ್ಕೇ ಊರು ತಿರುಗಬೇಕಿತ್ತು. ದೇವರು ದೊಡ್ಡವನು.)

"ಚಿಂತಿ ಮಾಡಬ್ಯಾಡ," ಎಂದರು ಯಜಮಾನರು, ಮನೆ ಮುಟ್ಟಿದ ಮೇಲೆ. "ಆರು ತಿಂಗಳ ವಾರಂಟಿ ಅದ."

ಒಳಗಿದ್ದ ಅತ್ತೆ ಗಾಬರಿಯಿಂದ ಹೊರಗೆ ಬಂದರು. "ಯಾರ ಮ್ಯಾಲ ವಾರಂಟು? ಏನ್ ಮಾಡೀದ್ಯೋ ಶಿವಣ್ಣಾ?"

ಅದು ಪೊಲೀಸರ ವಾರಂಟಲ್ಲ, ಕಂಪನಿಯವರು ಕೊಡುವ ಭರವಸೆಯ ಕಾಗದ, ಆರು ತಿಂಗಳೊಳಗೆ ಏನು ಕೆಟ್ಟರೂ ಅವರೇ ಹೊಸದು ಹಾಕಿಕೊಡುತ್ತಾರೆ ಎಂದು ವಿವರಿಸಿದೆವು. ಅತ್ತೆ ಆ ಕಾಗದವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು. "ಹಂಗಾದ್ರ ಇದನ್ನ ಟ್ರಂಕಿನ್ಯಾಗ ಯಾಕ ಇಡ್ತಿ? ದೇವರ ಜಗಲಿ ಮ್ಯಾಲ ಇಡು."

ಇಟ್ಟೆ. ದಿನಾ ಪೂಜೆಯ ಹೊತ್ತಿಗೆ ದೇವರಿಗೆ ಹಚ್ಚಿದ ಬೆರಳಲ್ಲೇ ಅದಕ್ಕೂ ಒಂದು ಬೊಟ್ಟು ಕುಂಕುಮ ಹಚ್ಚುತ್ತ ಬಂದೆ. ಭರವಸೆ ಯಾರು ಕೊಟ್ಟರೇನು, ಕುಂಕುಮಕ್ಕೆ ಯೋಗ್ಯವೇ ತಾನೆ?

ಕಾರಿನ ಚಿಂತೆ ನಮಗೇಕೆ ಅಷ್ಟು ಹತ್ತಿತು ಎಂದು ನೀವು ಕೇಳಬಹುದು. ಶಹಾಬಾದಿನಲ್ಲಿ ಕಾರಿಲ್ಲದೆ ಯಾರೂ ಬದುಕುವುದಿಲ್ಲವೇ? ಬದುಕುತ್ತಾರೆ, ನಾವೂ ಇಷ್ಟು ವರ್ಷ ಬದುಕಿದೆವು. ನಮ್ಮ ಯಜಮಾನರು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರದವರು. ಲಾರಿ ಹತ್ತಿ ಕಲ್ಲಿನ ಮೇಲೆ ಕುಳಿತು ಊರು ಸುತ್ತಿದವರು. ಈಗ ಕಾರು ಬೇಕಾದದ್ದು ನಮ್ಮ ಗಿರಿಜಾಳಿಗಾಗಿ.

ಗಿರಿಜಾ ನಮ್ಮ ಒಬ್ಬಳೇ ಮಗಳು. ಚಿಂಚೋಳಿ ತಾಲೂಕಿನ ಐನಾಪುರಕ್ಕೆ ಕೊಟ್ಟಿದ್ದೇವೆ. ಹೋದ ವರ್ಷ ಅವಳಿಗೆ ಮೂರು ತಿಂಗಳಲ್ಲೇ ಗರ್ಭ ನಿಲ್ಲದೆ ಹೋಯಿತು. ಈ ವರ್ಷ ಮತ್ತೆ ದೇವರು ಕಣ್ಣು ತೆರೆದ. ಆದರೆ ಚಿಂಚೋಳಿಯ ಡಾಕ್ಟರು ಖಡಾಖಂಡಿತ ಹೇಳಿಬಿಟ್ಟಿದ್ದರು: ಬಸ್ಸಿನ ಧಕ್ಕೆ ಬೇಡ, ಬಂಡಿಯ ಕುಲುಕಾಟವಂತೂ ಬೇಡವೇ ಬೇಡ.

ಚೊಚ್ಚಿಲು ಬಾಣಂತನ ತವರಿನಲ್ಲಿ. ಅದು ಹಳೆಯ ಪದ್ಧತಿ ಎಂಬುದಕ್ಕಿಂತ ಹೆಚ್ಚಾಗಿ, ನಮ್ಮ ಮನೆಯ ಹತ್ತಿರ ದವಾಖಾನೆಯಿದೆ, ಅಲ್ಲಿ ಹತ್ತಿರದಲ್ಲಿಲ್ಲ. ಎಂಟನೇ ತಿಂಗಳಲ್ಲಿ ಬಸುರಿ ಹೊಳೆ ದಾಟಬಾರದು ಎಂಬುದು ನಮ್ಮ ಅತ್ತೆಯ ಕಾನೂನು. ಐನಾಪುರಕ್ಕೂ ಶಹಾಬಾದಿಗೂ ನಡುವೆ ದಂಡೋತಿಯಲ್ಲಿ ಕಾಗಿಣಾ ಹೊಳೆ ಮಲಗಿದೆ. ಮಳೆಗಾಲದಲ್ಲಿ ಅದು ಮಲಗಿರುವುದೂ ಇಲ್ಲ, ಎದ್ದು ಸೇತುವೆಯ ಮೇಲೆಯೇ ಬರುತ್ತದೆ.

ಗಿರಿಜಾಳ ಏಳು ತಿಂಗಳು ಮುಗಿಯುವುದು ಶ್ರಾವಣದ ಅಮಾವಾಸ್ಯೆಗೆ. ಕಾರು ಕೆಟ್ಟದ್ದು ಜ್ಯೇಷ್ಠದಲ್ಲಿ. ಎರಡೂವರೆ ತಿಂಗಳಿದೆಯಲ್ಲ, ಒಂದು ಗೇರಿಗೆ ಅಷ್ಟು ಸಾಲದೇ?

ಗುಲ್ಬರ್ಗಾದ ಏಜೆನ್ಸಿಗೆ ಯಜಮಾನರ ಜೊತೆ ನಾನೂ ಹೋದೆ. ಅಲ್ಲಿ ಲತೀಫ್ ಸಾಹೇಬರು ಎಂಬ ಹಿರಿಯರಿದ್ದರು. ಬಿಳಿ ಗಡ್ಡ, ಮೃದು ಮಾತು. ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ಗೇರಿನ ಕಥೆಯನ್ನು ರೋಗಿಯ ಕಥೆ ಕೇಳುವ ಹಾಗೆ ಕೇಳಿದರು.

"ಸಣ್ಣ ಪಾರ್ಟ್ ಅದ ಅಕ್ಕೋರೆ. ಒಳಗ ಒಂದು ಹಲ್ಲು ಮುರದದ. ಬಂಬಯಿಂದ ಬರಬೇಕು."

"ಯಾವಾಗ ಬರ್ತದ್ರಿ?"

"ಪರ್ಸೋಂ."

ನನಗೆ ಕೇಳಿ ಆನಂದವಾಯಿತು. ಬರುವಾಗ ಅವರೊಂದು ಮಾತು ಸೇರಿಸಿದರು. "ಸಾವಕಾರ್ರೆ, ಪಾರ್ಟ್ ಬರೋತನ ಗಾಡಿ ಓಡಸಬ್ಯಾಡ್ರಿ. ಮೀಟರ್ ಮುಂದ ಹೋದ್ರ ಕಂಪನಿ ವಾರಂಟಿ ಕೊಡಂಗಿಲ್ಲ ಅಂತದ."

ಎರಡು ದಿನ ತಾನೆ? ಕಾರನ್ನು ಮೆಲ್ಲಗೆ ಮನೆಗೆ ತಂದು ಹಂದರದ ಕೆಳಗೆ ನಿಲ್ಲಿಸಿ, ಹಳೆಯ ಜಮಖಾನೆ ಹೊದಿಸಿದೆವು.

ನಾನು ಸೇಡಂ ಕಡೆಯವಳು. ತವರಲ್ಲಿ ಕನ್ನಡ, ನೆರೆಮನೆಯಲ್ಲಿ ತೆಲುಗು, ಉರ್ದು ಕಿವಿಗೆ ಬಿದ್ದಷ್ಟು. ಶಾಲೆಯ ಹಿಂದಿ ಪುಸ್ತಕದಲ್ಲಿ ಪರ್ಸೋಂ ಎಂದರೆ ನಾಡಿದ್ದು ಎಂದು ಓದಿ, ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಆದ್ದರಿಂದ ಮರುದಿನವೇ ಶೇಂಗಾದುಂಡಿ ಕಟ್ಟಲು ಕುಳಿತೆ. ಮಗಳನ್ನು ಕರೆಯಲು ಹೋಗುವಾಗ ಬರಿಗೈಯಲ್ಲಿ ಹೋಗಲಾದೀತೇ? ಒಂದು ಡಬ್ಬಿ ತುಂಬ ಉಂಡಿ.

ನಾಡಿದ್ದು ಬಂತು. ಪಾರ್ಟ್ ಬರಲಿಲ್ಲ.

ಯಜಮಾನರು ಅಂಗಡಿಯ ಫೋನಿನಿಂದ ಕೇಳಿದರು. ಸಂಜೆ ಬಂದು ಹೇಳಿದರು, "ಪರ್ಸೋಂ ಅಂತ."

ಉಂಡಿ ಹಾಳಾಗಬಾರದಲ್ಲ, ಮನೆಯವರೇ ತಿಂದರು. ನಾನು ಎಳ್ಳುಂಡಿ ಕಟ್ಟಿದೆ. ಮತ್ತೆ ಪರ್ಸೋಂ. ರವೆಯುಂಡಿ ಕಟ್ಟಿದೆ. ಮತ್ತೆ ಪರ್ಸೋಂ. ಮಗಳ ಬಯಕೆಗೆಂದು ಕಟ್ಟಿದ ಉಂಡಿಗಳನ್ನು ತಿಂದು ತಿಂದು ಆಷಾಢದ ಹೊತ್ತಿಗೆ ಯಜಮಾನರ ಹೊಟ್ಟೆ ಮಗಳ ಹೊಟ್ಟೆಗಿಂತ ಮುಂದೆ ಬಂತು.

ಒಮ್ಮೆ ನಿಜವಾಗಿಯೂ ಪಾರ್ಸೆಲ್ ಬಂತು. ವಾಡಿ ಸ್ಟೇಷನ್ನಿನಲ್ಲಿ ಬಂದು ಕುಳಿತಿದೆ ಎಂದು ಸುದ್ದಿ. ಯಜಮಾನರು ಊಟವನ್ನು ಅರ್ಧಕ್ಕೆ ಬಿಟ್ಟು ಓಡಿದರು. ನಾನು ಊದಿನಕಡ್ಡಿ ಹಚ್ಚಿದೆ. ಪೆಟ್ಟಿಗೆ ತಂದು ನಡುಮನೆಯಲ್ಲಿಟ್ಟು, ಅರಿಸಿನ ಕುಂಕುಮ ಏರಿಸಿ, ಮೊಳೆ ಕಿತ್ತು ಹುಲ್ಲು ಸರಿಸಿ ನೋಡಿದರೆ ಒಳಗೆ ಹಾರ್ನು.

ಹೌದು, ಹಾರ್ನು. ಪೇಂ ಪೇಂ ಹಾರ್ನು.

ಕಾರು ಹಿಂದಕ್ಕೆ ಹೋಗುವುದಿಲ್ಲ ಎಂದು ನಾವು ಬರೆದರೆ ಎದುರಿನವರನ್ನು ಹಿಂದಕ್ಕೆ ಓಡಿಸಿ ಎಂದು ಕಂಪನಿಯವರು ಉತ್ತರ ಕಳಿಸಿದರೇ? ಲತೀಫ್ ಸಾಹೇಬರಿಗೆ ತಿಳಿಸಿದಾಗ ಪಾಪ, ಅವರು ತಲೆ ಚಚ್ಚಿಕೊಂಡರಂತೆ. "ನನ್ನ ಕೈಯಾಗ ಏನದ ಸಾವಕಾರ್ರೆ? ಅವರು ನನಗ ಹೇಳ್ತಾರ, ನಾ ನಿಮಗ ಹೇಳ್ತೀನಿ. ಖರೇ ಪಾರ್ಟ್ ಪರ್ಸೋಂ ಬರ್ತದ."

ಹಾರ್ನನ್ನು ಕಾರಿನಲ್ಲೇ ಒಂದು ಕಡೆ ಇಟ್ಟೆವು. ಕೊಟ್ಟದ್ದನ್ನು ಬೇಡವೆನ್ನಬಾರದು.

ಅಂದು ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯಲ್ಲಿ ಕುಳಿತು ಕಣ್ಣೊರೆಸಿಕೊಂಡೆ. ಅತ್ತೆ ಬಂದು ಪಕ್ಕದಲ್ಲಿ ಕುಳಿತರು.

"ಯಾಕ ಅಳ್ತಿ?"

"ಪರ್ಸೋಂ ಅಂತಾರ್ರಿ ಅತ್ತಿ, ಬರಂಗೇ ಇಲ್ಲ."

ಅತ್ತೆ ನನ್ನನ್ನು ಕನಿಕರದಿಂದ ನೋಡಿದರು. "ಹುಚ್ಚವ್ವ, ಪರ್ಸೋಂ ಅಂದ್ರ ನಾಡಿದ್ದು ಅಂತ ತಿಳದೀದಿ ಏನು? ನಾ ನಿಜಾಮನ ಕಾಲದಾಗ ಬೆಳದಾಕಿ. ನಮ್ಮ ಕಡಿ ಪರ್ಸೋಂ ಅಂದ್ರ ಇವತ್ತಲ್ಲ ಅಂತ ಅರ್ಥ. ನಾಳೆ ಅಲ್ಲ ಅಂತನೂ ಅರ್ಥ. ಅದರಾಚಿಗಿ ಯಾವತ್ತೂ ಆಗಬಹುದು. ನಿಮ್ಮ ಮಾವನವರು ನನಗ ಕೈಗಿ ಬಂಗಾರದ ಪಾಟ್ಲಿ ಮಾಡಸ್ತೀನಿ ಅಂದಿದ್ರು. ಯಾವಾಗ್ರಿ ಅಂದ್ರ, ಪರ್ಸೋಂ."

"ಮಾಡಿಸಿದ್ರೇನ್ರಿ?"

ಅತ್ತೆ ಖಾಲಿ ಕೈ ಎತ್ತಿ ತೋರಿಸಿದರು. ಇಬ್ಬರೂ ನಕ್ಕೆವು. ಇಷ್ಟು ದೊಡ್ಡ ಪಾಠ ನನ್ನ ಹಿಂದಿ ಮೇಷ್ಟ್ರು ಯಾಕೆ ಕಲಿಸಲಿಲ್ಲ?

ಅಷ್ಟರಲ್ಲಿ ಶ್ರಾವಣ ಬಂತು, ಅದೂ ಅಧಿಕ ಶ್ರಾವಣ. ನನಗೆ ಥಟ್ಟನೆ ಒಂದು ದಾರಿ ಹೊಳೆಯಿತು. ಅಧಿಕ ಮಾಸ ವ್ರತಕ್ಕೆ ಸರಿ, ಲೆಕ್ಕಕ್ಕಿಲ್ಲ. ಮದುವೆಗಿಲ್ಲ, ಮುಂಜಿವೆಗಿಲ್ಲ. ಹಾಗಿದ್ದರೆ ಬಸುರಿನ ಲೆಕ್ಕಕ್ಕೆ ಮಾತ್ರ ಏಕೆ ಬರಬೇಕು? ಈ ತಿಂಗಳನ್ನು ಬಿಟ್ಟು ಎಣಿಸಿದರೆ ಗಿರಿಜಾಳಿಗೆ ಇನ್ನೂ ಒಂದು ತಿಂಗಳು ಸಿಗುತ್ತದಲ್ಲ? ಅತ್ತೆಯ ಮುಂದೆ ಬಹಳ ಭಕ್ತಿಯಿಂದ ಈ ವಾದ ಮಂಡಿಸಿದೆ.

ಅತ್ತೆ ಜಪದ ಸರ ಕೆಳಗಿಟ್ಟರು. "ಪಂಚಾಂಗದಾಗ ಅಧಿಕ ಆದ್ರ ಹೊಟ್ಟ್ಯಾಗ ಅಧಿಕ ಆಗ್ತದೇನ? ಕೂಸಿಗಿ ಪಂಚಾಂಗ ಓದಲಿಕ್ಕ ಬರ್ತದೇನ?"

ವಾದ ಬಿದ್ದುಹೋಯಿತು.

ಅಮಾವಾಸ್ಯೆಗೆ ಮೂರು ದಿನ ಉಳಿದಾಗ ಗಿರಿಜಾಳ ಕಾಗದ ಬಂತು. ನಾಲ್ಕೇ ಸಾಲು. "ಅವ್ವಾ, ಇಲ್ಲಿ ದಿನಾ ಮಳಿ. ಹೊಳಿ ತುಂಬಲಿಕತ್ತದ ಅಂತ ಹೇಳ್ತಾರ. ನೀವು ಬರ್ತೀರಿ ಅಂತ ಟ್ರಂಕು ಕಟ್ಟಿಟ್ಟು ಭಾಳ ದಿನ ಆಯ್ತು. ನನಗ ಅಂಜಿಕಿ ಬರ್ತದ." ಕಡೆಯ ಸಾಲನ್ನು ಬರೆದು ಹೊಡೆದುಹಾಕಿದ್ದಳು. ಹೊಡೆದುಹಾಕಿದ್ದನ್ನೇ ತಾಯಂದಿರು ಮೊದಲು ಓದುತ್ತೇವೆ.

ಊರಿನಲ್ಲಿದ್ದ ಒಂದೇ ಟ್ಯಾಕ್ಸಿ ಆ ವಾರ ಇಂಜಿನ್ ಬಿಚ್ಚಿಸಿಕೊಂಡು ಮರದ ಕೆಳಗೆ ಕುಳಿತಿತ್ತು. ಫರ್ಸಿ ಲಾರಿಯಲ್ಲಿ ಬಸುರಿಯನ್ನು ತರುವ ಹಾಗಿಲ್ಲ. ನಾನು ಹೊರಗೆ ಹೋಗಿ ಕಾರಿನ ಮೇಲಿನ ಜಮಖಾನೆ ಕಿತ್ತು ಎಸೆದೆ.

"ಏನ್ ಮಾಡಾಕತ್ತಿ?" ಯಜಮಾನರು ಓಡಿಬಂದರು.

"ನಾಳಿ ಹೋಗೋಣ್ರಿ. ಇದ್ರಾಗೇ."

"ಮೀಟರ್ ಓಡಿದ್ರ ವಾರಂಟಿ ಹೋಗ್ತದಲ್ಲ."

"ಕಾರು ತಗೊಂಡದ್ದು ವಾರಂಟಿ ಕಾಯಲಿಕ್ಕೋ, ಮಗಳ್ನ ತರಲಿಕ್ಕೋ?"

"ತರಾದು ಖರೇ. ನಡು ದಾರ್ಯಾಗ ಹಿಂದಕ್ಕ ತಗೋ ಅಂದ್ರ ಏನ್ ಮಾಡ್ಲಿ?"

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಬಸುರಿ ಹೆಣ್ಮಗಳನ್ನ ತವರಿಗಿ ಕರ್ಕೊಂಡು ಬರಾವಾಗ ಹೆಜ್ಜಿ ಹಿಂದಕ್ಕ ಇಡಬಾರದು. ಹಿಂದಕ್ಕ ಹೋಗೋ ಗಾಡಿ ಇದ್ರನಾ ತಪ್ಪು. ಈ ಗಾಡಿಗಿ ಶಾಸ್ತ್ರ ಗೊತ್ತದ. ನಡೀರಿ, ನಾನೂ ಬರ್ತೀನಿ."

ಮುಂಜಾನೆ ಹೊರಟೆವು. ಹೊರಡುವಾಗ ಅತ್ತೆಯಿಂದ ಇನ್ನೊಂದು ತಕರಾರು. ನಾವು ಮೂವರು. ಮೂವರು ಒಟ್ಟಿಗೆ ಶುಭ ಕೆಲಸಕ್ಕೆ ಹೋಗಬಾರದು, ಜೊತೆಗೆ ನಾಲ್ಕನೆಯದಾಗಿ ಒಂದು ಕಲ್ಲಾದರೂ ಇರಬೇಕು. ಫರ್ಸಿ ವ್ಯಾಪಾರಿಯ ಮನೆಯಲ್ಲಿ ಕಲ್ಲಿಗೆ ಬರವೇ? ಅತ್ತೆ ಅಂಗಳದಿಂದ ದಪ್ಪನೆಯ ತುಂಡೊಂದನ್ನು ಆಳುಗಳಿಂದ ಹೊರಿಸಿ ತಂದು ನನ್ನ ಕಾಲ ಬುಡದಲ್ಲಿ ಇಡಿಸಿದರು. ಯಜಮಾನರು ಕನ್ನಡಿಯಲ್ಲಿ ನೋಡಿ ಹಣೆ ಹಣೆ ಬಡಿದುಕೊಂಡರು. (ಕನ್ನಡಿಯಲ್ಲಿ ಹಿಂದಕ್ಕೆ ನೋಡಬಹುದಿತ್ತು. ಅಷ್ಟಾದರೂ ವಾರಂಟಿಯಲ್ಲಿ ಸರಿಯಿತ್ತು.)

ವಾಡಿ ದಾಟಿ, ಚಿತ್ತಾಪುರ ದಾಟಿ, ದಂಡೋತಿಯ ಸೇತುವೆಗೆ ಬಂದಾಗ ಕಾಗಿಣಾ ಕೆಂಪಗೆ, ಸೇತುವೆಯ ಹಾಸುಗಲ್ಲಿಗೆ ಒಂದು ಮೊಳ ಕೆಳಗೆ ಹರಿಯುತ್ತಿತ್ತು. ನಾನು ಕೈಮುಗಿದೆ. ಕಾರು ದಾಟಿತು. ಕಾಳಗಿ ದಾಟಿ ಐನಾಪುರ ಮುಟ್ಟಿದೆವು.

ಬೀಗರ ಮನೆ ಇರುವುದು ಒಂದು ಸಂದಿಯ ಕೊನೆಯಲ್ಲಿ. ಸಂತೋಷದಲ್ಲಿ ಯಜಮಾನರು ಕಾರನ್ನು ಬಾಗಿಲ ತನಕ ಒಯ್ದುಬಿಟ್ಟರು. ಆಮೇಲೆ ನೆನಪಾಯಿತು, ತಿರುಗಿಸುವುದು ಹೇಗೆ? ಬೀಗರು, ಅಳಿಯ, ಅವರ ಇಬ್ಬರು ತಮ್ಮಂದಿರು, ನೆರೆಯವರು ಎಲ್ಲ ಸೇರಿ ಕಾರಿನ ಹಿಂಭಾಗ ಹಿಡಿದೆತ್ತಿ, ಹೋ ಎಂದು ಕೂಗುತ್ತ ಅದರ ಮುಖವನ್ನು ಬೀದಿಯ ಕಡೆ ತಿರುಗಿಸಿ ಇಟ್ಟರು. ಬೀಗರ ಮನೆಯಲ್ಲಿ ಆರತಿ ಎತ್ತುವುದನ್ನು ನೋಡಿದ್ದೇನೆ. ಕಾರನ್ನೇ ಎತ್ತಿದ್ದನ್ನು ಅಂದೇ ನೋಡಿದ್ದು.

ಊಟ ಮಾಡಿ, ಗಿರಿಜಾಳಿಗೆ ಉಡಿ ತುಂಬಿಸಿಕೊಂಡು ಹೊರಟೆವು. ಅವಳನ್ನು ನನಗೂ ಅತ್ತೆಗೂ ನಡುವೆ ಕೂಡಿಸಿ, ಬೆನ್ನಿಗೆ ಎರಡು ದಿಂಬು ಕೊಟ್ಟೆವು. ಯಜಮಾನರು ಕಾರನ್ನು ಎಷ್ಟು ನಿಧಾನ ಓಡಿಸಿದರೆಂದರೆ ದಾರಿಯಲ್ಲಿ ಒಂದು ಎಮ್ಮೆ ನಮ್ಮನ್ನು ಹಿಂದೆ ಹಾಕಿ ಹೋಯಿತು.

ಮತ್ತೆ ದಂಡೋತಿ. ಮುಂಜಾನೆ ಮೊಳ ಕೆಳಗಿದ್ದ ನೀರು ಈಗ ಗೇಣು ಕೆಳಗಿತ್ತು. ಸೇತುವೆ ಒಂದೇ ಗಾಡಿಯ ಅಗಲ. ಎರಡೂ ಕಡೆ ಆಸರೆಯಿಲ್ಲ. ನಾವು ಮುಕ್ಕಾಲು ದಾಟಿ ಆಚೆಯ ಏರು ಹಿಡಿಯುವಷ್ಟರಲ್ಲಿ ಎದುರಿನಿಂದ ಬಸ್ಸು ಬಂದು ಸೇತುವೆಗೆ ಇಳಿದೇಬಿಟ್ಟಿತು. ಎರಡೂ ಮೂಗಿಗೆ ಮೂಗು ಕೊಟ್ಟು ನಿಂತವು.

ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿದ. "ಏ ಸಾವಕಾರ್ರೆ! ಸಣ್ಣ ಗಾಡಿ ನಿಮ್ದು. ಹಿಂದಕ್ಕ ತಗೋರಿ!"

"ಆಗಂಗಿಲ್ರಿ!"

"ಯಾಕ ಆಗಂಗಿಲ್ಲ? ಹೊಳಿ ಏನು ಖರೀದಿ ಮಾಡೀರೇನು?"

"ರಿವರ್ಸ್ ಇಲ್ರಿ!"

"ಇಲ್ಲ ಅಂದ್ರ? ಹೊಸಾ ಗಾಡಿ ಅದಲ್ರಿ?"

ಯಜಮಾನರ ಬಾಯಿಂದ ತಾನಾಗಿ ಬಂತು. "ಪರ್ಸೋಂ ಬರ್ತದ್ರಿ!"

ಇಡೀ ಬಸ್ಸು ಗೊಳ್ಳೆಂದು ನಕ್ಕಿತು. ಆ ನಗುವಿನಲ್ಲಿ ಯಜಮಾನರ ಕಾಲು ಬ್ರೇಕಿನ ಮೇಲಿಂದ ಸಡಿಲಿತೋ ಏನೋ, ಕಾರು ಏರಿನ ಮೇಲಿಂದ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಎರಡೂವರೆ ತಿಂಗಳು ಬೇಡಿಕೊಂಡರೂ ಒಂದು ಅಂಗುಲ ಹಿಂದಕ್ಕೆ ಹೋಗದ ಕಾರು! ಹೋಗಬಾರದ ಜಾಗದಲ್ಲಿ ಹೋಗುತ್ತಿದೆ!

"ಅವ್ವಾ, ರಿಪೇರಿ ಆಯ್ತೇನು?" ಎಂದಳು ಗಿರಿಜಾ.

ನನಗೆ ನಗು ಬರಲಿಲ್ಲ. ಎಡಕ್ಕೆ ನೋಡಿದರೆ ನೀರು, ಬಲಕ್ಕೆ ನೋಡಿದರೆ ನೀರು. ಬಾಗಿಲು ತೆಗೆದು ಹಾರಿದೆ. ಕಾಲ ಬುಡದಲ್ಲಿದ್ದ ಆ ಫರ್ಸಿ ತುಂಡನ್ನು ಎಳೆದುಕೊಂಡು ಹಿಂದಿನ ಗಾಲಿಗೆ ಕೊಟ್ಟೆ. ಕಾರು ಒಮ್ಮೆ ಕುಲುಕಿ ನಿಂತಿತು. ಆ ಕಲ್ಲನ್ನು ಎತ್ತಿದವಳು ನಾನೇ ಎಂದು ಈಗಲೂ ನನಗೆ ನಂಬಿಕೆಯಿಲ್ಲ. ಆಮೇಲೆ ಮನೆಯಲ್ಲಿ ಎತ್ತಲು ನೋಡಿದೆ. ಏಳಲಿಲ್ಲ.

ಇತ್ತ ಅತ್ತೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದರು. ಕೈಯಲ್ಲಿ ಕಂಪನಿಯ ಹಾರ್ನು. ಅದಕ್ಕೆ ವಯರಿಲ್ಲ, ಸದ್ದಿಲ್ಲ. ಆದರೂ ಗದೆಯ ಹಾಗೆ ಹಿಡಿದಿದ್ದರು.

"ಏ ತಮ್ಮಾ! ಒಳಗ ಏಳು ತಿಂಗಳ ಬಸುರಿ ಅದಾಳ. ತವರಿಗಿ ಹೊಂಟಾಳ. ಹಿಂದಕ್ಕ ಹೋಗಬಾರದು. ನಿನ್ನ ಬಸ್ಸಿನ್ಯಾಗ ಯಾರರ ಬಸುರೇರು ಇದ್ರ ಹೇಳು, ನಾವೇ ಇಳದು ಗಾಡಿ ನೂಕ್ಕೊಂಡು ಹೋಗ್ತೀವಿ."

ಕಂಡಕ್ಟರ್ ನ್ಯಾಯವಂತ. ಒಳಗೆ ತಿರುಗಿ ಗಟ್ಟಿಯಾಗಿ ಕೇಳಿದ. "ಯಾರರ ಬಸುರೇರು ಅದಾರೇನ್ರಿ?"

ಮುಂದಿನ ಸೀಟಿನಲ್ಲಿದ್ದ ದಪ್ಪ ಹೊಟ್ಟೆಯ ಹಿರಿಯರೊಬ್ಬರು ಹೇಳಿದರು, "ನನ್ನ ಕಡಿ ನೋಡಿ ಕೇಳಬ್ಯಾಡಪ್ಪಾ. ಇದು ಬ್ಯಾರೇದು."

ಮತ್ತೆ ನಗು. ಕಂಡಕ್ಟರ್ ಎಲ್ಲರನ್ನೂ ಇಳಿಸಿದ. ಸೀಟಿ ಊದುತ್ತ, ಕೈ ಬೀಸುತ್ತ, ಅಷ್ಟು ದೊಡ್ಡ ಬಸ್ಸನ್ನು ಗೇಣು ಗೇಣಾಗಿ ಹಿಂದಕ್ಕೆ ನಡೆಸಿ ದಂಡೆಗೆ ಹತ್ತಿಸಿದ. ಬಸ್ಸಿಗೆ ರಿವರ್ಸ್ ಇತ್ತಲ್ಲ, ಅದೂ ದೇವರ ದಯೆಯೇ. ಇಳಿದ ಹೆಂಗಸರು ನಮ್ಮ ಕಾರಿನ ಸುತ್ತ ನೆರೆದು ಗಿರಿಜಾಳನ್ನು ಬಗ್ಗಿ ಬಗ್ಗಿ ನೋಡಿದರು. ಒಬ್ಬಾಕೆ ತನ್ನ ತುರುಬಿನ ಅಬ್ಬಲಿಗೆ ಹೂವು ಬಿಚ್ಚಿ ಅವಳ ಕೈಗಿಟ್ಟಳು. ಗಂಡಸರು ಹಿಂದಿನಿಂದ ನೂಕಿ ಏರು ಹತ್ತಿಸಿ, ಕಲ್ಲನ್ನೂ ಎತ್ತಿ ಕಾರಿನಲ್ಲಿಟ್ಟರು. ಹೂವು ಕೊಟ್ಟಾಕೆಯ ಹೆಸರೇ ನಾನು ಕೇಳಲಿಲ್ಲ. ಕೇಳಬೇಕಿತ್ತು.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ಮರುದಿನ ದಂಡೋತಿಯ ಸೇತುವೆಯ ಮೇಲೆ ನೀರು ಬಂತು. ನಾಲ್ಕು ದಿನ ಇಳಿಯಲಿಲ್ಲ.

ದಸರೆಗೆ ಮುಂಚೆ ಗಿರಿಜಾ ಹೆತ್ತಳು. ಎರಡು ದಿನ ಬಹಳ ಕಷ್ಟಪಟ್ಟಳು. ದವಾಖಾನೆಯ ಡಾಕ್ಟರಮ್ಮ ಪಕ್ಕದಲ್ಲೇ ಇದ್ದು ನೋಡಿಕೊಂಡರು. ಐನಾಪುರದಲ್ಲೇ ಇದ್ದಿದ್ದರೆ ಎಂದು ನಾನು ಯೋಚಿಸಲು ಹೋಗುವುದಿಲ್ಲ. ಹೆಣ್ಣು ಮಗು. ಹುಟ್ಟಿದ ಕೂಡಲೇ ಹಾರ್ನಿನ ಹಾಗೆ ಕೂಗಿತು.

ತೊಟ್ಟಿಲಿಗೆ ಹಾಕುವ ದಿನ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದೆ. ಲತೀಫ್ ಸಾಹೇಬರು ಒಬ್ಬ ಮೇಸ್ತ್ರಿಯ ಜೊತೆ ಬಂದು ನಿಂತರು. ಕಂಕುಳಲ್ಲಿ ಒಂದು ಪುಟ್ಟ ಡಬ್ಬಿ.

"ಬಂತು ಅಕ್ಕೋರೆ."

ಅಂಗೈಯಷ್ಟು ಪಾರ್ಟು. ಇಷ್ಟು ಸಣ್ಣದಕ್ಕೆ ಇಷ್ಟು ದಿನವೇ? ನಮ್ಮ ಕೂಸು ಇಡೀ ಮೈ ಕೈ ಕಣ್ಣು ಮೂಗು ಎಲ್ಲ ಕೂಡಿಸಿಕೊಂಡು ಒಂಬತ್ತು ತಿಂಗಳಿಗೆ ತಯಾರಾಗಿ ಬಂದಿತಲ್ಲ!

ಅವರು ಕಾರಿನೊಳಗೆ ಬಗ್ಗಿ ಮೀಟರ್ ನೋಡಿದರು. ಮುಖ ಸಣ್ಣದಾಯಿತು. "ಗಾಡಿ ಓಡ್ಯದಲ್ರಿ?"

ಯಜಮಾನರು ಸುಮ್ಮನೆ ಆಕಾಶ ನೋಡಿದರು. ನನಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ. "ಓಡ್ಯದ್ರಿ. ಮಗಳನ್ನ ತರಲಿಕ್ಕ ಐನಾಪುರಕ್ಕ ಹೋಗಿದ್ವಿ. ದಾರಿ ಮ್ಯಾಲ ಹೋಗಿ ಬಂದದ್ದು ಖರೇ."

ಒಳಗಿನಿಂದ ಮಗು ಅತ್ತಿತು. ಸಾಹೇಬರು ಅತ್ತ ಕಿವಿಗೊಟ್ಟರು. ಗಡ್ಡ ನೀವಿಕೊಂಡರು. "ಹಿಂದಕ್ಕೇನರ ಓಡ್ಸೀರೇನು?"

"ಇಲ್ರಿ. ಹಿಂದಕ್ಕ ಎಲ್ಲಿ ಹೋಗ್ತದ?"

"ಮತ್ತೇನು? ಈ ಪಾರ್ಟ್ ಹಿಂದಕ್ಕ ಹೋಗಾದು. ನೀವು ಮುಂದಕ್ಕ ಎಷ್ಟ ಓಡಿಸಿದ್ರೂ ಇದಕ್ಕೇನು ಸಂಬಂಧ?" ಎಂದರು. ಆಮೇಲೆ ಕೆಮ್ಮಿ, ಇನ್ನೊಂದು ಮಾತು. "ಆದ್ರ ಅಕ್ಕೋರೆ, ವಾರಂಟಿ ಮುಗದದ."

"ಯಾವಾಗ ಮುಗೀತ್ರಿ?"

"ಪರ್ಸೋಂ."

ನಾನು ರಂಗೋಲಿ ಬಟ್ಟಲು ಕೆಳಗಿಟ್ಟೆ. ಓದುಗರೇ, ನನ್ನ ಹಿಂದಿ ಪುಸ್ತಕದಲ್ಲಿ ಈ ಅರ್ಥವೂ ಇತ್ತು. ಪರ್ಸೋಂ ಎಂದರೆ ನಾಡಿದ್ದು, ಪರ್ಸೋಂ ಎಂದರೆ ಮೊನ್ನೆ. ಆ ಮಾತು ಮುಂದಕ್ಕೂ ಹೋಗುತ್ತದೆ, ಹಿಂದಕ್ಕೂ ಹೋಗುತ್ತದೆ. ಕಂಪನಿಯವರು ನಮ್ಮ ಕಾರಿನ ರಿವರ್ಸ್ ಗೇರನ್ನು ತಪ್ಪಿ ಆ ಮಾತಿಗೆ ಹಾಕಿಬಿಟ್ಟಿದ್ದರೇ?

"ಸಾಹೇಬರೇ, ಬರೋ ಪರ್ಸೋಂ ಜ್ಯೇಷ್ಠದಿಂದ ದಸರಾತನ ಆಯ್ತು. ಹೋದ ಪರ್ಸೋಂನೂ ಮುಗೀಲಿಕ್ಕ ಅಷ್ಟೇ ದಿನ ಹಿಡೀಬೇಕಲ್ರಿ? ನ್ಯಾಯ ಒಂದೇ ಆಗಬೇಕಲ್ಲ?"

ಸಾಹೇಬರು ಬಾಯಿ ತುಂಬ ನಕ್ಕರು. "ಕಾರ್ಡ್ ತೋರಿಸ್ರಿ, ನೋಡೋಣು."

ದೇವರ ಜಗಲಿಯಿಂದ ಕಾರ್ಡು ತಂದುಕೊಟ್ಟೆ. ತೆರೆದು ನೋಡಿದರೆ, ದಿನಾ ಹಚ್ಚಿದ ಕುಂಕುಮ, ದೀಪದ ಎಣ್ಣೆ ಎಲ್ಲ ಕೂಡಿ ತಾರೀಖಿದ್ದ ಜಾಗದಲ್ಲಿ ದೊಡ್ಡ ಕೆಂಪು ಸೂರ್ಯ. ನನಗೆ ನಾಚಿಕೆಯಾಯಿತು. ಸೆರಗಿನಿಂದ ಒರೆಸಲು ಹೋದೆ.

ಅವರು ಕೈ ಅಡ್ಡ ಹಿಡಿದರು. "ಬ್ಯಾಡ್ರಿ ಅಕ್ಕೋರೆ. ದೇವರಿಗಿ ಹಚ್ಚಿದ ಕುಂಕುಮ. ಅದನ್ನ ಒರಸಿ ತಾರೀಖು ಓದಲಿಕ್ಕ ನನಗೂ ಹಕ್ಕಿಲ್ಲ, ಕಂಪನಿಗೂ ಹಕ್ಕಿಲ್ಲ. ತಾರೀಖು ಕಾಣವಲ್ದು ಅಂತ ಬರದು ಕಳಸ್ತೀನಿ. ಅದು ಸುಳ್ಳಲ್ಲಲ್ಲ?"

ಸುಳ್ಳಲ್ಲ. ಆದರೂ ಸಂಜೆ ದೇವರ ಮುಂದೆ ತಪ್ಪುಕಾಣಿಕೆಗೆ ಒಂದು ಕಾಯಿ ಒಡೆಸಿದೆ, ಇರಲಿ ಎಂದು.

ಮೇಸ್ತ್ರಿ ಪಾರ್ಟು ಹಾಕಿದ. ಸಾಹೇಬರು ತೊಟ್ಟಿಲ ಹತ್ತಿರ ಬಂದು ಮಗುವಿನ ತಲೆಯ ಮೇಲೆ ಕೈಯಿಟ್ಟು, ಬಾಯಲ್ಲೇ ಏನೋ ಪ್ರಾರ್ಥಿಸಿ, ಹೋಳಿಗೆ ಊಟ ಮಾಡಿ ಹೋದರು. ಯಜಮಾನರು ಅಂಗಳದಲ್ಲಿ ಕಾರನ್ನು ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ ಓಡಿಸಿದ್ದೇ ಓಡಿಸಿದ್ದು. ನನ್ನ ರಂಗೋಲಿ ಪೂರಾ ಅಳಿಸಿಹೋಯಿತು.

ಅತ್ತೆ ಆ ಫರ್ಸಿ ತುಂಡನ್ನು ತುಳಸಿ ಕಟ್ಟೆಯ ಪಕ್ಕದಲ್ಲಿ ಇಡಿಸಿ ಅದಕ್ಕೂ ಕುಂಕುಮ ಹಚ್ಚುತ್ತಿದ್ದಾರೆ. ನಾನು ಬೇಡವೆನ್ನಲಿಲ್ಲ. ವಾರಂಟಿ ಕೊಡದೆಯೇ ಕೆಲಸಕ್ಕೆ ಬಂದದ್ದು ಅದೊಂದೇ.

ಈಗ ನಮ್ಮ ಕಾರು ಚೆನ್ನಾಗಿ ಹಿಂದಕ್ಕೆ ಹೋಗುತ್ತದೆ. ಆ ಸುದ್ದಿ ಐನಾಪುರಕ್ಕೂ ಮುಟ್ಟಿದೆ. ಮೊನ್ನೆ ಅಳಿಯಂದಿರ ಕಾಗದ ಬಂತು: ಗಾಡಿ ರಿಪೇರಿ ಆಗಿದೆಯಂತೆ, ಬಹಳ ಸಂತೋಷ, ತಾಯಿ ಮಗುವನ್ನು ಯಾವಾಗ ಕಳಿಸುತ್ತೀರಿ?

ತೊಟ್ಟಿಲು ತೂಗುತ್ತಲೇ ಒಂದು ಪೋಸ್ಟ್ ಕಾರ್ಡು ತೆಗೆದುಕೊಂಡು ಒಂದೇ ಮಾತಿನಲ್ಲಿ ಉತ್ತರ ಬರೆದು ಹಾಕಿದೆ: ಪರ್ಸೋಂ.